ಅಂಡಮಾನ್‌ಗೆ ಹೊರಟಿದ್ದೀರಾ? ಮೊಸಳೆಗಿಂತ ಮೊದಲು ಯೋಚಿಸಬೇಕಾದವು ಬೇರೆ ಇವೆ

ಪ್ರಶ್ನೆ: ನಾವು ಕಲಬುರಗಿ ಜಿಲ್ಲೆಯ ಸೇಡಂನವರು. ಜನವರಿಯಲ್ಲಿ ಆರು ದಿನ ಅಂಡಮಾನ್‌ಗೆ ಹೋಗಬೇಕೆಂದಿದ್ದೇವೆ. ಹೈದರಾಬಾದ್‌ನಿಂದ ವಿಮಾನ. ನಾನು, ನನ್ನ ಹೆಂಡತಿ, 6 ವರ್ಷದ ಮಗ ಮತ್ತು 64 ವರ್ಷದ ಅವ್ವ. ಅವ್ವನಿಗೆ ಬಹಳ ವರ್ಷದಿಂದ ಶುಗರ್ ಮತ್ತು ಬಿಪಿ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಯಾವ ಲಸಿಕೆ ಹಾಕಿಸಬೇಕು? ಮಲೇರಿಯಾ ಗುಳಿಗೆ ಬೇಕಾ? ಅಲ್ಲಿ ಮೊಸಳೆ ಇವೆ ಅಂತಾರೆ, ನಿಜಾನಾ? ನಾನು ಬಾವಿಯಲ್ಲಿ ಈಜು ಕಲಿತವನು, ಮಗನನ್ನು ಸಮುದ್ರಕ್ಕೆ ಇಳಿಸಬಹುದಾ? ಬಿಸಿಲಿನ ಚಿಂತೆ ಇಲ್ಲ, ಸೇಡಂ ಬಿಸಿಲು ಕಂಡವರು ನಾವು.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕಲಬುರಗಿಯಲ್ಲಿ ವೈದ್ಯನಾಗಿ ಕೂತವನಿಗೆ ಈ ಮಾತು ಹೊಸದಲ್ಲ. ಕರಾವಳಿ ಕಡೆ, ದ್ವೀಪದ ಕಡೆ ಹೊರಟವರೆಲ್ಲ 'ಬಿಸಿಲು ನಮಗೇನು ಲೆಕ್ಕ ಬಿಡ್ರಿ' ಅಂತಲೇ ಅನ್ನುತ್ತಾರೆ. ನಿಜ, ಮೇ ತಿಂಗಳಲ್ಲಿ 42–43 ಡಿಗ್ರಿಯಲ್ಲಿ ಓಡಾಡುವವರು ನಾವು. ಅಂಡಮಾನ್‌ನಲ್ಲಿ ಜನವರಿ ಮಧ್ಯಾಹ್ನ 30 ಡಿಗ್ರಿಯ ಆಸುಪಾಸು ಇರುತ್ತದೆ ಅಷ್ಟೇ. ಆದರೂ ನಮ್ಮ ಕಡೆಯವರೇ ಅಲ್ಲಿ ಮೊದಲ ದಿನ ತಲೆ ಹಿಡಿದುಕೊಂಡು ಮಲಗುತ್ತಾರೆ. ಕಾರಣ ಗಾಳಿಯ ತೇವ.

ಮನೆಯ ಕೂಲರನ್ನು ನೆನಪಿಸಿಕೊಳ್ಳಿ. ಹುಲ್ಲಿನ ಪ್ಯಾಡಿನ ಮೇಲೆ ನೀರು ಇಳಿಯುತ್ತದೆ, ಒಣಗಾಳಿ ಅದನ್ನು ಆರಿಸುತ್ತದೆ, ಆರುವಾಗ ಗಾಳಿ ತಂಪಾಗುತ್ತದೆ. ಏಪ್ರಿಲ್‌ನಲ್ಲಿ ಮಸ್ತ್ ಕೆಲಸ ಮಾಡುವ ಅದೇ ಕೂಲರ್ ಮಳೆಗಾಲದಲ್ಲಿ ರೂಮನ್ನೆಲ್ಲ ಅಂಟಂಟು ಮಾಡಿಬಿಡುತ್ತದೆ, ಅಲ್ವಾ? ಮೈ ಬೆವರುವುದೂ ಇದೇ ಲೆಕ್ಕದಲ್ಲಿ. ನಮ್ಮಲ್ಲಿ ಬೆವರು ಬಂದದ್ದೇ ತಡ, ಆರಿಹೋಗುತ್ತದೆ. ದ್ವೀಪದಲ್ಲಿ ಆರುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ನೀರು ಹೋಯಿತು, ಉಪ್ಪು ಹೋಯಿತು, ಮೈ ಮಾತ್ರ ತಣ್ಣಗಾಗಲಿಲ್ಲ. ಅದಕ್ಕೇ ಅಲ್ಲಿ ಬಾಯಾರಿಕೆಗೆ ಕಾಯಬಾರದು. ಮೂತ್ರದ ಬಣ್ಣ ನೋಡಿ. ತಿಳಿಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಅಂತ.

ಗಡಿಯಾರವೂ ಅಲ್ಲಿ ಮೋಸ ಮಾಡುತ್ತದೆ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಆದರೆ ಗಡಿಯಾರ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಸೇಡಂಗಿಂತ ಸುಮಾರು ಒಂದು ಗಂಟೆ ಮುಂದೆ ಇರುತ್ತಾನೆ. ಬೆಳಿಗ್ಗೆ 11 ಅಂದರೆ ಅಲ್ಲಿ ನೆತ್ತಿಯ ಬಿಸಿಲು. ಜನವರಿಯಲ್ಲಿ ಸಂಜೆ ಐದೂವರೆ ಹೊತ್ತಿಗೆ ಕತ್ತಲೆ ಶುರು. 'ಹನ್ನೊಂದಕ್ಕೆ ಬೀಚಿಗೆ ಹೋಗೋಣ, ನಾಷ್ಟಾ ಆರಾಮಾಗಿ ಮಾಡೋಣ' ಎನ್ನುವ ನಮ್ಮ ರಜೆಯ ರೂಢಿ ಅಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ 9ರೊಳಗೆ ಒಮ್ಮೆ, ಮಧ್ಯಾಹ್ನ 3ರ ನಂತರ ಒಮ್ಮೆ ಹೋಗಿ. ನಡುವಿನ ಹೊತ್ತು ನೆರಳಿನಲ್ಲಿರಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗೊಮ್ಮೆ ಮತ್ತೆ ಹಚ್ಚಬೇಕು. ಕಪ್ಪು ಮೈಯವರಿಗೆ ಬೇಡ ಅನ್ನುವುದು ಸುಳ್ಳು. ಸ್ನಾರ್ಕ್ಲಿಂಗ್ ಮಾಡುವವರು ಮುಖ ಕೆಳಗೆ ಹಾಕಿ ತೇಲುತ್ತಾರೆ, ನೀರು ತಂಪಾಗಿರುವುದರಿಂದ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ. ರಾತ್ರಿ ಅಂಗಿ ತಾಗಿದರೆ ಚೀರುತ್ತಾರೆ. ತುಂಬುತೋಳಿನ ಟೀಶರ್ಟ್ ಹಾಕಿಕೊಂಡೇ ಇಳಿಯಿರಿ, ಯಾವ ಕ್ರೀಮಿಗಿಂತಲೂ ಅದು ಮೇಲು.

ಈಗ ಈಜಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಭಯ ತರಿಸಿದ ಸಾಲು ಇದು, ಮೊಸಳೆಯದ್ದಲ್ಲ. ಬಾವಿಯಲ್ಲಿ ಈಜು ಕಲಿತವರಿಗೆ ಆಳದ ಭಯ ಹೋಗಿರುತ್ತದೆ. ಬಾವಿಯಲ್ಲಿ ಅದು ಒಳ್ಳೆಯದೇ. ಆದರೆ ಬಾವಿಯ ನೀರು ನಿಂತ ನೀರು, ನಾಲ್ಕು ಕೈ ಹೊಡೆದರೆ ಮೆಟ್ಟಿಲು ಸಿಗುತ್ತದೆ. ಕಾಗಿಣಾ ಹೊಳೆಯಲ್ಲಿ ಈಜಿದ್ದರೂ ಹರಿವು ಯಾವ ಕಡೆ ಅಂತ ಕಣ್ಣಿಗೆ ಕಾಣುತ್ತದೆ. ಸಮುದ್ರದಲ್ಲಿ ದಂಡೆಗೆ ಬಂದ ನೀರು ಎಲ್ಲೋ ಒಂದು ಕಡೆ ಒಟ್ಟಾಗಿ ವಾಪಸ್ ಹೋಗಬೇಕು. ಅದು ಹೋಗುವ ದಾರಿಯೇ ಸೆಳೆತ. ವಿಚಿತ್ರ ಏನೆಂದರೆ, ಅಕ್ಕಪಕ್ಕ ತೆರೆ ಬಿಳಿಯಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ, ಅಪಾಯ ಇರುವುದು ಅಲ್ಲೇ. ನಮ್ಮವರು ಮಾತ್ರ 'ಇಲ್ಲಿ ತೆರೆ ಕಡಿಮೆ, ಇಲ್ಲೇ ಇಳಿಯೋಣ' ಅಂತ ನೇರ ಅಲ್ಲಿಗೇ ಹೋಗುತ್ತಾರೆ.

ಸೆಳೆತ ಹಿಡಿದರೆ ದಂಡೆ ಕಡೆ ನೇರ ಈಜಬೇಡಿ. ಎಂಥ ಗಟ್ಟಿ ಈಜುಗಾರನೂ ಅದರೆದುರು ಸೋಲುತ್ತಾನೆ, ದಣಿದು ಮುಳುಗುತ್ತಾನೆ. ಸೆಳೆತ ನೀರಿನ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದರ ಅಗಲವೂ ಸಾಮಾನ್ಯವಾಗಿ ಬಹಳ ಇರುವುದಿಲ್ಲ. ದಂಡೆಗೆ ಅಡ್ಡಲಾಗಿ, ಅಂದರೆ ಎಡಕ್ಕೋ ಬಲಕ್ಕೋ ಈಜಿ ಅದರಿಂದ ಹೊರಬನ್ನಿ, ಆಮೇಲೆ ತೆರೆಯ ಜೊತೆ ದಂಡೆಗೆ ಬನ್ನಿ. ಆಗದಿದ್ದರೆ ಅಂಗಾತ ತೇಲುತ್ತ ಒಂದು ಕೈ ಎತ್ತಿ ಕೂಗಿ. ಇನ್ನೊಬ್ಬರು ಸಿಕ್ಕಿಹಾಕಿಕೊಂಡರೆ ಹಿಂದೆ ಜಿಗಿಯಬೇಡಿ. ಕ್ಯಾನು, ಟ್ಯೂಬು, ಹಗ್ಗ, ಏನು ಕೈಗೆ ಸಿಕ್ಕರೆ ಅದನ್ನು ಎಸೆಯಿರಿ, ಲೈಫ್‌ಗಾರ್ಡನ್ನು ಕರೆಯಿರಿ. ಕಾಪಾಡಲು ಹೋದವರೇ ಹೋಗಿಬಿಡುವುದು ನಮ್ಮ ಕೆರೆ-ಹೊಳೆಗಳಲ್ಲೂ ಪ್ರತಿ ಬೇಸಿಗೆ ನಡೆಯುತ್ತದೆ, ನಿಮಗೂ ಗೊತ್ತು.

ಮಗನನ್ನು ಇಳಿಸಬಹುದು, ಅವನ ಮೊಣಕಾಲು ಮಟ್ಟದ ನೀರಿಗೆ. ನೀವು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ದಂಡೆಯಲ್ಲಿ ಕೂತು ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತ ನೋಡಿಕೊಳ್ಳುವುದು ನೋಡಿಕೊಂಡಂತೆ ಅಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸಿದ ಹಾಗೆ ಕೈಕಾಲು ಬಡಿದು ಕೂಗುವುದಿಲ್ಲ. ಬಾಯಲ್ಲಿ ನೀರಿದ್ದಾಗ ದನಿ ಬರುವುದಿಲ್ಲ. ನಿಮಿಷದೊಳಗೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ನಿಮ್ಮಿಬ್ಬರಲ್ಲಿ ಯಾರ ಪಾಳಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. 'ಅವಳು ನೋಡ್ತಾಳೆ', 'ಇವರು ನೋಡ್ತಾರೆ' ಅಂತ ಇಬ್ಬರೂ ನೋಡದೇ ಇರುವುದೇ ಜಾಸ್ತಿ.

ದೋಣಿ ಹತ್ತುವಾಗ ಅವನಿಗೆ ಲೈಫ್ ಜಾಕೆಟ್ ಕೊಡುತ್ತಾರೆ, ಬಹಳ ಸಲ ದೊಡ್ಡವರದ್ದೇ. ಹಾಕಿಸಿ, ಬಕಲ್‌ಗಳನ್ನೆಲ್ಲ ಬಿಗಿ ಮಾಡಿ. ಆಮೇಲೆ ಅವನ ಎರಡೂ ಭುಜದ ಹತ್ತಿರ ಜಾಕೆಟ್ಟಿನ ಪಟ್ಟಿಗೆ ಬೆರಳು ಸಿಗಿಸಿ ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಗದ್ದ, ಕಿವಿ ದಾಟಿ ಮೇಲೆ ಬಂತೋ, ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಬೇರೆ ಅಳತೆ ಕೇಳಿ. ಇಲ್ಲ ಅಂದರೆ ಆ ದೋಣಿ ಬಿಡಿ. ಹಿಂದಿನವರು ಗೊಣಗಿದರೆ ಗೊಣಗಲಿ. ತೊಡೆಗಳ ಮಧ್ಯೆ ಹಾಯುವ ಪಟ್ಟಿ ಇರುವ ಮಕ್ಕಳ ಜಾಕೆಟ್ಟನ್ನು ಹೈದರಾಬಾದ್‌ನಲ್ಲೇ ಕೊಂಡು ಒಯ್ದರೂ ತಪ್ಪಿಲ್ಲ.

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು, ನಿಮ್ಮ ಮಗನಿಗೆ ಇಲ್ಲ, ಸಮುದ್ರದಲ್ಲಿ ಅದಕ್ಕೆ ಕನಿಷ್ಠ 10 ವರ್ಷ ಆಗಿರಬೇಕು. ಅವ್ವನಿಗೂ ಬೇಡ. ನೀವಿಬ್ಬರು ಮಾಡಬೇಕೆಂದರೆ, ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ಕಿವಿಯ ತಮಟೆಯ ತೂತು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ನೀರಿಗೆ ಇಳಿಯಬೇಡಿ. ನೆಗಡಿ ಇದ್ದ ದಿನವೂ ಬೇಡ, ಕಿವಿ ಒತ್ತಡ ತಡೆಯುವುದಿಲ್ಲ. ಅಲ್ಲಿ ಒಂದು ಫಾರ್ಮ್ ಕೊಡುತ್ತಾರೆ, ನಿಮಗೆ ಯಾವ ಯಾವ ಕಾಯಿಲೆ ಇದೆ ಅಂತ. ದುಡ್ಡು ಕೊಟ್ಟಾಗಿದೆ, ಈಗ ಬಿಟ್ಟರೆ ಹೋಯಿತು ಅಂತ ಜನ ಎಲ್ಲದಕ್ಕೂ 'ಇಲ್ಲ' ಅಂತ ಗುರುತು ಹಾಕಿ ಸಹಿ ಮಾಡುತ್ತಾರೆ. ಆ ಫಾರ್ಮ್ ಕೇಳುತ್ತಿರುವುದು ನಿಮ್ಮ ಜೀವದ ವಿಷಯ. ಇನ್ನೊಂದು, ಸ್ಕೂಬಾ ಮಾಡಿದ ಮೇಲೆ ವಿಮಾನ ಹತ್ತಲು ಒಂದು ಪೂರ್ತಿ ದಿನ ಬಿಡಿ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಮೇಲೆ ಹೋದಾಗ ಗುಳ್ಳೆಯಾಗಿ ಏಳುತ್ತದೆ, ಕೀಲು ನೋವಿನಿಂದ ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಅದಕ್ಕೇ ಸ್ಕೂಬಾವನ್ನು ಪ್ರವಾಸದ ಮೊದಲ ಅರ್ಧಕ್ಕೆ ಇಡಿ, ಕೊನೆಯ ದಿನಕ್ಕಲ್ಲ.

ಮೊಸಳೆ ನಿಜಾನಾ ಅಂತ ಕೇಳಿದ್ದೀರಿ. ನಿಜ. ಅಂಡಮಾನ್‌ನ ತೊರೆಗಳಲ್ಲಿ, ಮ್ಯಾಂಗ್ರೋವ್ ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚಿನ ಹತ್ತಿರ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಇಂಥದ್ದು ನಡೆಯುವುದು ಅಪರೂಪ. ತೊರೆ ಸಮುದ್ರಕ್ಕೆ ಸೇರುವ ಜಾಗಕ್ಕೆ ಹೋಗಬೇಡಿ, ಮಸುಕಿನಲ್ಲಿ ನೀರಿಗೆ ಇಳಿಯಬೇಡಿ, ಎಚ್ಚರಿಕೆ ಬೋರ್ಡ್ ಇದ್ದಲ್ಲಿ ಅದನ್ನು ಓದಿ, ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಈಜಿ. ಇಷ್ಟು ಮಾಡಿದರೆ ಮೊಸಳೆಯ ಚಿಂತೆಯನ್ನು ತಲೆಯಿಂದ ತೆಗೆದುಹಾಕಬಹುದು.

ಅದಕ್ಕಿಂತ ಜಾಸ್ತಿ ಆಗುವುದು ಕಾಲಿಗೆ ಗಾಯ. ಸತ್ತ ಹವಳ ಒಡೆದ ಗಾಜಿನಷ್ಟು ಹರಿತ. ಕೊಯ್ದರೆ ಕುಡಿಯುವ ನೀರಿನಿಂದ ಚೆನ್ನಾಗಿ ತೊಳೆಯಿರಿ, ಒಳಗೆ ಸಿಕ್ಕ ಮರಳಿನಂಥ ಚೂರು ಹೋಗುವ ತನಕ. ಆಮೇಲೆ ಮುಲಾಮು. ಕಡಲಮುಳ್ಳು, ವಿಷಮುಳ್ಳಿನ ಮೀನು ಚುಚ್ಚಿದರೆ ನೋವಿಗೆ ಬಿಸಿನೀರೇ ಮದ್ದು. ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ಮೀರದಂತೆ, ಒಂದು ಗಂಟೆ ಕಾಲು ಅದ್ದಿಡಬೇಕು. ಬಿಸಿ ಎಷ್ಟಿದೆ ಅಂತ ಚುಚ್ಚಿಸಿಕೊಂಡವರು ನೋಡಬಾರದು, ಅವರಿಗೆ ಉರಿಯಲ್ಲಿ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಏಳಿಸಿಕೊಳ್ಳುತ್ತಾರೆ. ಬೇರೆಯವರು ಮೊಣಕೈ ಅದ್ದಿ ನೋಡಲಿ. ಆಮೇಲೆ ದವಾಖಾನೆಗೆ ತೋರಿಸಿ, ಮುರಿದ ಮುಳ್ಳು ಒಳಗೆ ಉಳಿದಿರಬಹುದು. ಜೆಲ್ಲಿಫಿಶ್ ತಾಗಿದರೆ ಮರಳು ಹಾಕಿ ತಿಕ್ಕಬೇಡಿ, ಸಿಹಿನೀರಲ್ಲಿ ತೊಳೆಯಬೇಡಿ, ಲೈಫ್‌ಗಾರ್ಡ್ ಹತ್ತಿರ ಓಡಿ. ಉಸಿರಾಟ ಕಷ್ಟವಾದರೆ ತಡ ಮಾಡದೆ 112.

ಇನ್ನು ಅವ್ವನ ವಿಷಯ. ಇಡೀ ಪತ್ರದಲ್ಲಿ ನಿಜವಾದ ತಯಾರಿ ಬೇಕಿರುವುದು ಅವರಿಗೇ.

ಹೊರಡುವ ಒಂದು ತಿಂಗಳ ಮೊದಲು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೂರು ತಿಂಗಳ ಸರಾಸರಿ ಶುಗರ್, ಕಿಡ್ನಿಯ ಕ್ರಿಯಾಟಿನಿನ್, ಇಸಿಜಿ, ಬಿಪಿ ನೋಡಿಸಿ. ಪಾದದ ಸ್ಪರ್ಶ ಹೇಗಿದೆ ಅಂತ ಕೇಳಿ. ಶುಗರ್ ಹಳೆಯದಾದವರಿಗೆ ಪಾದ ಜೋಮು ಹಿಡಿದಿರುತ್ತದೆ, ಕಾದ ಮರಳಿನಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಬೀಚಿಗೆ ಬಿಡಬೇಡಿ. ನೀರಿಗೆ ಕಾಲು ಇಡಬೇಕೆಂದರೂ ರಬ್ಬರಿನ ಮುಚ್ಚಿದ ಶೂ ಇರಲಿ. ಚಪ್ಪಲಿ ಮರಳಲ್ಲಿ ಉಳಿದುಹೋಗುತ್ತದೆ. ಪ್ರತಿ ಸಂಜೆ ರೂಮಿಗೆ ಬಂದ ಮೇಲೆ ಕಾಲು ತೊಳೆದು ಒರೆಸಿ, ಮೊಬೈಲ್ ಟಾರ್ಚ್ ಹಚ್ಚಿ ಬೆರಳ ಸಂದಿಗಳನ್ನೂ ಹಿಮ್ಮಡಿಯನ್ನೂ ನೀವೇ ನೋಡಿ. 'ಏನೂ ಆಗಿಲ್ಲ ಬಿಡಪ್ಪ' ಅಂತಾರೆ, ಕೇಳಬೇಡಿ. ಸಮುದ್ರದ ನೀರಿನಲ್ಲಿ ವಿಬ್ರಿಯೋ ಎಂಬ ರೋಗಾಣು ಇರುತ್ತದೆ. ನಮಗೆ ನಿಮಗೆ ಅದು ಏನೂ ಮಾಡದೇ ಇರಬಹುದು. ಶುಗರ್ ಇದ್ದವರ ಗಾಯಕ್ಕೆ ಹೊಕ್ಕರೆ ಒಂದೆರಡು ದಿನದಲ್ಲಿ ಕಾಲು ಊದಿ ಜೀವಕ್ಕೇ ಕುತ್ತು ತರುತ್ತದೆ. ಕೆಂಪು, ಊತ, ನೀರ್ಗುಳ್ಳೆ, ಜ್ವರ ಕಂಡರೆ ಊರಿಗೆ ಹೋಗಿ ತೋರಿಸೋಣ ಅನ್ನಬೇಡಿ, ಅವತ್ತೇ ತೋರಿಸಿ.

ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಡಾಕ್ಟರ ಚೀಟಿಯ ಜೊತೆ. ಚೆಕ್-ಇನ್ ಲಗೇಜಿಗೆ ಹಾಕಿದರೆ ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ಬಳಸುತ್ತಿರುವ ಪೆನ್ ಅಥವಾ ಬಾಟಲಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಚೆನ್ನಾಗಿರುತ್ತದೆ, ಆರು ದಿನಕ್ಕೆ ಗಾಬರಿ ಬೇಡ. ಹೆಚ್ಚುವರಿ ಪೆನ್ ಹೋಟೆಲಿನ ಫ್ರಿಜ್‌ನಲ್ಲಿಡಿ, ಫ್ರೀಜರ್ ಹತ್ತಿರ ಬೇಡ. ನಮ್ಮಲ್ಲಿ ಮಣ್ಣಿನ ಗಡಿಗೆಯಲ್ಲಿ, ಒದ್ದೆ ಬಟ್ಟೆ ಸುತ್ತಿ ಇನ್ಸುಲಿನ್ ಇಡುತ್ತಾರೆ, ಕಲಬುರಗಿ ಬೇಸಿಗೆಗೆ ಅದು ಒಳ್ಳೆಯ ಉಪಾಯವೇ. ಅಂಡಮಾನ್‌ನ ತೇವದ ಗಾಳಿಯಲ್ಲಿ ಬೆವರು ಆರದ ಹಾಗೆಯೇ ಒದ್ದೆ ಬಟ್ಟೆಯೂ ಆರುವುದಿಲ್ಲ, ತಂಪೂ ಆಗುವುದಿಲ್ಲ. ಸಣ್ಣ ಥರ್ಮಾಸ್ ಪೌಚ್ ಕೊಳ್ಳಿ, ಐಸ್ ಪ್ಯಾಕ್ ನೇರ ತಾಗದಂತೆ ಟವೆಲ್ ಸುತ್ತಿ. ಗುಳಿಗೆಗಳನ್ನು ಹನ್ನೆರಡು ದಿನಕ್ಕಾಗುವಷ್ಟು ತನ್ನಿ. ಅರ್ಧ ನಿಮ್ಮ ಚೀಲದಲ್ಲಿ, ಅರ್ಧ ನಿಮ್ಮ ಹೆಂಡತಿಯವರ ಚೀಲದಲ್ಲಿ. ಸಮುದ್ರ ಕೆರಳಿ ಹಡಗು ರದ್ದಾದರೆ ಅಲ್ಲೇ ಉಳಿಯಬೇಕಾಗುತ್ತದೆ.

ಶುಗರ್ ಏರುವುದಕ್ಕಿಂತ ಪ್ರವಾಸದಲ್ಲಿ ಇಳಿಯುವುದೇ ಅಪಾಯ. ಸೇಡಂನಿಂದ ರಾತ್ರಿ ರೈಲು, ಸಿಕಂದರಾಬಾದ್‌ನಿಂದ ಶಂಶಾಬಾದ್‌ವರೆಗೆ ಟ್ಯಾಕ್ಸಿ, ನಸುಕಿನ ವಿಮಾನ. ಈ ಓಡಾಟದಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟುಹೋಗುತ್ತದೆ. ಊಟ ಕಣ್ಣೆದುರಿಗೆ ಬಂದ ಮೇಲೆ ಊಟದ ಇನ್ಸುಲಿನ್, ಮೊದಲಲ್ಲ. ಅವ್ವನ ಸೆರಗಿನ ಗಂಟಲ್ಲಿ ಅಥವಾ ಸಣ್ಣ ಪರ್ಸಿನಲ್ಲಿ ಗ್ಲೂಕೋಸ್ ಪುಡಿ ಇಲ್ಲವೇ ಸಕ್ಕರೆ ಪುಡಿಕೆ ಸದಾ ಇರಲಿ. ಬೆವರು, ನಡುಕ, ಮಾತು ತಡವರಿಸುವುದು ಕಂಡರೆ ಅಲ್ಲಿನ ಸೆಕೆಗೆ ಅಂದುಕೊಳ್ಳಬೇಡಿ. ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ದವಾಖಾನೆಗೆ ಒಯ್ಯಿರಿ.

ಬಿಪಿ ಗುಳಿಗೆಯ ಹೆಸರಿನ ಕೊನೆಗೆ 'ಎಚ್' ಇದೆಯಾ ನೋಡಿ. ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧ ಇದೆ ಅಂತ. ಶುಗರಿಗೆ ಡಪಾಗ್ಲಿಫ್ಲೋಜಿನ್ ಥರದ ಗುಳಿಗೆ ಇದ್ದರೆ ಅದೂ ನೀರು ಹೊರಹಾಕುತ್ತದೆ. ವಾಂತಿ-ಭೇದಿ ಆದ ದಿನ ಯಾವುದನ್ನು ನಿಲ್ಲಿಸಬೇಕು ಅಂತ ಹೋಗುವ ಮೊದಲೇ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಮಾತ್ರ ನೀವಾಗಿ ಪೂರ್ತಿ ನಿಲ್ಲಿಸಬೇಡಿ. ಓಆರ್‌ಎಸ್ ಪುಡಿಯನ್ನು ಇಲ್ಲಿಂದಲೇ ಒಯ್ಯಿರಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಒಂದು ಪ್ಯಾಕೆಟ್ ಪೂರ್ತಿ ಹಾಕಬೇಕು. ಚಮಚದ ಲೆಕ್ಕದಲ್ಲಿ ಲೋಟಕ್ಕೆ ಸ್ವಲ್ಪ ಸ್ವಲ್ಪ ಅಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ, ಅವ್ವನಿಗಂತೂ ಬೇಡವೇ ಬೇಡ.

ದವಾಖಾನೆ ಎಲ್ಲಿದೆ ಅಂತ ತಿಳಿದೇ ರೂಮು ಬುಕ್ ಮಾಡಿ. ಪೋರ್ಟ್ ಬ್ಲೇರ್‌ನಲ್ಲಿ, ಅಂದರೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು ಬದಲಾದ ಊರಿನಲ್ಲಿ, ಜಿ.ಬಿ. ಪಂತ್ ಸರ್ಕಾರಿ ಆಸ್ಪತ್ರೆ ಇದೆ. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ, ಅಂದರೆ ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ, ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ರಾತ್ರಿ ಎದೆನೋವು ಬಂದರೆ ಸೇಡಂನಿಂದ ಕಲಬುರಗಿಗೆ ಕಾರು ಹತ್ತಿಸಿಕೊಂಡು ಓಡುವಂತೆ ಅಲ್ಲಿ ಆಗದು. ನಡುವೆ ಸಮುದ್ರ ಇದೆ, ಪ್ರವಾಸಿ ಹಡಗುಗಳು ಹಗಲಿನವು. ಹಾಗಾಗಿ ಅವ್ವನ ಇಸಿಜಿಯಲ್ಲಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಹೆಚ್ಚು ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಆರು ದಿನಕ್ಕೆ ಮೂರು ದ್ವೀಪ ತೋರಿಸುವ ಪ್ಯಾಕೇಜ್ ನಿಮಗೆ ಮಾರುತ್ತಾರೆ. ನನ್ನನ್ನು ಕೇಳಿದರೆ ಎರಡೇ ಸಾಕು. ರೋಗಿಯನ್ನು ಬೇರೆಡೆ ಸಾಗಿಸುವ ಖರ್ಚು ಸೇರಿರುವ ಪ್ರವಾಸ ವಿಮೆ ಮಾಡಿಸಿ, ಅವ್ವನ ಶುಗರ್-ಬಿಪಿಯನ್ನು ಅದರಲ್ಲಿ ಮುಚ್ಚಿಡದೆ ಬರೆಸಿ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಹಡಗಿನಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಸಮುದ್ರ ನೋಡದವರಿಗೆ ವಾಂತಿ ಆಗಬಹುದು. ಅವೋಮಿನ್ ಥರದ ಗುಳಿಗೆಯನ್ನು ಹತ್ತುವ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಗುಳಿಗೆಯೂ ಹೊರಗೆ ಬರುತ್ತದೆ. ನಿದ್ದೆ ಬರಿಸುತ್ತದೆ, ಅವ್ವನಿಗೆ ಮತ್ತು ಮಗುವಿಗೆ ಪ್ರಮಾಣ ಕೇಳಿಯೇ ಕೊಡಿ. ಹಡಗಿನ ನಡುಭಾಗದಲ್ಲಿ ಕೂತು ದೂರದ ನೀರಿನ ಅಂಚನ್ನು ನೋಡುತ್ತಿದ್ದರೆ ಅರ್ಧ ತೊಂದರೆ ಕಡಿಮೆ. ಮೊಬೈಲ್ ನೋಡಿದರೆ ಖಂಡಿತ ವಾಂತಿ.

ಲಸಿಕೆ ವಿಷಯ ಬೇಗ ಮುಗಿಸುತ್ತೇನೆ. ಅಂಡಮಾನ್‌ಗೆ ಹೋಗುವ ಭಾರತೀಯರಿಗೆ ಕಡ್ಡಾಯ ಲಸಿಕೆ ಯಾವುದೂ ಇಲ್ಲ. ಟೆಟನಸ್ ಹಾಕಿಸಿ 10 ವರ್ಷ ಆಗಿದ್ದರೆ ಎಲ್ಲರೂ ಹಾಕಿಸಿ, ಹವಳದ ಗಾಯಕ್ಕೆ ಬೇಕಾಗುತ್ತದೆ. ಟೈಫಾಯ್ಡ್, ಹೆಪಟೈಟಿಸ್ ಎ ಹಾಕಿಸಿದರೆ ಒಳ್ಳೆಯದು, ಅವು ಊರಲ್ಲಿದ್ದರೂ ಬೇಕಾದವೇ. ಮಗನ ದಡಾರದ ಲಸಿಕೆ ಪೂರ್ತಿಯಾಗಿದೆಯಾ ನೋಡಿ. ಬಾರಾಟಾಂಗ್ ದ್ವೀಪದ ಕಡೆ ಹೋಗುವ ದಾರಿ ಜಾರವಾ ಬುಡಕಟ್ಟಿನ ಜನರ ಕಾಡಿನೊಳಗೆ ಹಾಯುತ್ತದೆ. ಹೊರಗಿನವರ ಕಾಯಿಲೆಗಳನ್ನು ತಡೆಯುವ ಶಕ್ತಿ ಅವರ ಮೈಗೆ ಕಡಿಮೆ, 1999ರಲ್ಲಿ ಅವರಲ್ಲಿ ದಡಾರ ಹಬ್ಬಿತ್ತು. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೋ ತೆಗೆಯುವುದು, ಬಿಸ್ಕೀಟು ಕೊಡುವುದು ಕಾನೂನಿನ ಪ್ರಕಾರವೂ ತಪ್ಪು.

ಮಲೇರಿಯಾ ಗುಳಿಗೆ ಬೇಕಾ? ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ಇಷ್ಟೇ ಸುತ್ತುವ ಆರು ದಿನದ ಪ್ರವಾಸಿಗೆ ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಮಲೇರಿಯಾ ಜಾಸ್ತಿ ಇರುವ ನಿಕೋಬಾರ್ ಕಡೆಗೆ ಸಾಮಾನ್ಯ ಪ್ರವಾಸಿಗಳನ್ನು ಬಿಡುವುದೂ ಇಲ್ಲ. ಕಾಡಿನಲ್ಲಿ ರಾತ್ರಿ ಕಳೆಯುವ ಯೋಚನೆ ಇದ್ದರೆ ಮಾತು ಬೇರೆ. ಆಗ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಕೊಡುತ್ತೇವೆ, ಹೋಗುವ ಎರಡು ದಿನ ಮೊದಲಿಂದ ಬಂದು ನಾಲ್ಕು ವಾರದವರೆಗೆ. 8 ವರ್ಷದೊಳಗಿನ ಮಗುವಿಗೆ ಅದು ಬರುವುದಿಲ್ಲ. ನಿಮ್ಮ ಡಾಕ್ಟರು ಅವ್ವನನ್ನು ನೋಡಿ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಗುಳಿಗೆಗಿಂತ ಮುಖ್ಯ ಸೊಳ್ಳೆ ಕಚ್ಚಿಸಿಕೊಳ್ಳದಿರುವುದು. ಡೆಂಗಿಗೆ ಗುಳಿಗೆಯೇ ಇಲ್ಲ, ಅದರ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಸೊಳ್ಳೆ ಓಡಿಸುವ ಡೀಟ್ ಎಂಬ ಔಷಧ ಇರುವ ಕ್ರೀಮನ್ನು ಸನ್‌ಸ್ಕ್ರೀನ್ ಹಚ್ಚಿ ಆರಿದ ಮೇಲೆ ಹಚ್ಚಿ, ಮಗನ ಅಂಗೈಗೆ ಬೇಡ, ಕಣ್ಣು ಉಜ್ಜಿಕೊಳ್ಳುತ್ತಾನೆ. ಸೆಲ್ಯುಲಾರ್ ಜೈಲಿನಲ್ಲಿ ಸಂಜೆ ಬೆಳಕು-ಧ್ವನಿ ಕಾರ್ಯಕ್ರಮ ನೋಡಲು ಎಲ್ಲರೂ ಕೂರುತ್ತೀರಿ, ಕುರ್ಚಿಯ ಕೆಳಗೆ ಕಾಲು ಸೊಳ್ಳೆಗೆ ಸಿಗುತ್ತದೆ. ಸಾಕ್ಸ್ ಹಾಕಿ. ಬೀಚಿನಲ್ಲಿ ಸ್ಯಾಂಡ್‌ಫ್ಲೈ ಎಂಬ ಸಣ್ಣ ನೊಣ ಕಚ್ಚಿದರೆ ತುರಿಕೆ ವಾರ ಹಿಡಿಯುತ್ತದೆ. ಬರಿಮರಳಿನ ಮೇಲೆ ಮಲಗದಿರುವುದೇ ಉಪಾಯ. ಬೆಳಿಗ್ಗೆ ಶೂ ಹಾಕಿಕೊಳ್ಳುವ ಮೊದಲು ಕೊಡವಿ. ಅಲ್ಲಿನ ದೊಡ್ಡ ಶತಪದಿ ಕಚ್ಚಿದರೆ ಚೇಳು ಕುಟುಕಿದ ನೋವು.

ನೀವು ಕೇಳದ ಒಂದು ವಿಷಯ, ಭೂಕಂಪ. ಅಂಡಮಾನ್ ಇರುವುದು ಭೂಕಂಪದ ಅಪಾಯ ಬಹಳ ಹೆಚ್ಚಿರುವ ಪಟ್ಟಿಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ನಮ್ಮ ಕಡೆಯೂ ನಡುಗಿದ್ದು ಅವ್ವನಿಗೆ ನೆನಪಿರಬೇಕು. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಸಣ್ಣ ಕಂಪನಗಳಾದಾಗ ಜನ ಮನೆ ಹೊರಗೆ ಮಲಗಿದ್ದು ನಿಮಗೂ ಗೊತ್ತು. ನಮ್ಮ ಪಾಠ ಒಂದೇ: ನಡುಗಿತಾ, ಹೊರಗೆ ಬಯಲಿಗೆ ಬಾ. ಸಮುದ್ರದ ಪಕ್ಕ ಆ ಪಾಠ ಸಾಲದು. ಅಲ್ಲಿ ಬಯಲು ಅಂದರೆ ಬೀಚು, ಮತ್ತು 2004ರ ಡಿಸೆಂಬರ್ 26ರಂದು ಭೂಕಂಪದ ಹಿಂದೆಯೇ ಸುನಾಮಿ ಬಂದದ್ದು ಅಲ್ಲಿಗೇ. ನಿಲ್ಲಲು ಕಷ್ಟವಾಗುವಷ್ಟು ಜೋರಾಗಿ ನಡುಗಿದರೆ, ಮೆಲ್ಲಗೇ ಆದರೂ ಬಹಳ ಹೊತ್ತು ನಡುಗಿದರೆ, ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸಾಮಾನು ಬಿಟ್ಟು ಎತ್ತರದ ಜಾಗಕ್ಕೆ ನಡೆಯಿರಿ. ಸುನಾಮಿ ಎಚ್ಚರಿಕೆಯನ್ನು ಹೈದರಾಬಾದ್‌ನಲ್ಲಿರುವ ಇನ್‌ಕಾಯಿಸ್ ಕೇಂದ್ರ ಕೊಡುತ್ತದೆ, ಆದರೆ ಹತ್ತಿರದಲ್ಲೇ ಕಂಪನ ಆದಾಗ ಸೈರನ್‌ಗೆ ಕಾಯುವಷ್ಟು ಸಮಯ ಇರುವುದಿಲ್ಲ. ಮೊದಲ ತೆರೆ ಹೋಯಿತು ಅಂತ ಕೆಳಗೆ ಇಳಿಯಬೇಡಿ, ಮುಂದಿನದು ದೊಡ್ಡದಿರಬಹುದು. ಹೋಟೆಲ್ ಸೇರಿದ ದಿನವೇ 'ಎತ್ತರಕ್ಕೆ ದಾರಿ ಯಾವುದು' ಅಂತ ಕೇಳಿಟ್ಟುಕೊಳ್ಳಿ, ಎರಡು ನಿಮಿಷದ ಕೆಲಸ.

ಊಟದ ಚಿಂತೆ ಬೇಡ, ಸಸ್ಯಾಹಾರ ಸಿಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರಿದ್ದೀರಿ ಅಂತ ಗೊತ್ತು, ಒಯ್ಯಿರಿ. ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಅಲ್ಲಿನ ಗಾಳಿಗೆ ಖಡಕ್ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಬೂಷ್ಟು ಕಂಡರೆ ಕೊಡವಿ ತಿನ್ನದೆ ಎಸೆಯಿರಿ. ನೀರು ಮುಚ್ಚಳ ಒಡೆಯದ ಬಾಟಲಿಯದ್ದು ಅಥವಾ ಕುದಿಸಿದ್ದು. ಎಳನೀರು ಒಳ್ಳೆಯದು, ಅವ್ವನ ಕ್ರಿಯಾಟಿನಿನ್ ಜಾಸ್ತಿ ಬಂದಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕೊಡಿ. ಮಳೆ ಬಂದು ರಸ್ತೆಯಲ್ಲಿ ನೀರು ನಿಂತಿದ್ದರೆ ಗಾಯದ ಕಾಲಲ್ಲಿ ಇಳಿಯಬೇಡಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ಅಂಡಮಾನ್‌ನಲ್ಲಿ ಹಳೆಯ ಕಾಯಿಲೆ.

ಊರಿಗೆ ಬಂದ ಮೇಲಿನ ಜ್ವರದ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಡೆಂಗಿ ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಮಲೇರಿಯಾಕ್ಕೆ ಕನಿಷ್ಠ ಒಂದು ವಾರ ಬೇಕು, ಇಲಿಜ್ವರ ಒಂದು ತಿಂಗಳೊಳಗೆ ಯಾವಾಗ ಬೇಕಾದರೂ. ಅಂದರೆ ಅಲ್ಲಿ ಹತ್ತಿದ ಜ್ವರ ಸೇಡಂಗೆ ಬಂದ ಮೇಲೆ ಬರುತ್ತದೆ. ಆಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ 'ಒಂದು ಸೂಜಿ ಹಾಕಿ, ಸಲೈನ್ ಏರಿಸಿ' ಅನ್ನುವುದು ನಮ್ಮ ಕಡೆಯ ರೂಢಿ. ನೋವಿನ ಆ ಸೂಜಿ ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಐಬುಪ್ರೋಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಅವ್ವನಿಗೆ ಹೃದಯಕ್ಕಾಗಿ ಆಸ್ಪಿರಿನ್ ನಡೆಯುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ. ಕೂತ ತಕ್ಷಣ ಹೇಳಬೇಕಾದ ಮೊದಲ ಮಾತು 'ಅಂಡಮಾನ್‌ನಿಂದ ಇಂಥ ದಿನ ಬಂದೆವು' ಅಂತ, ಡಾಕ್ಟರು ಕೇಳದಿದ್ದರೂ. ಮಲೇರಿಯಾಕ್ಕೆ ರಕ್ತದ ಲೇಪನ, ಡೆಂಗಿಯ ಎನ್‌ಎಸ್1, ಪ್ಲೇಟ್‌ಲೆಟ್ ಇರುವ ರಕ್ತ ಪರೀಕ್ಷೆ ಮಾಡಿಸಿ. ಮೊದಲ ಸಲ ಮಲೇರಿಯಾ ಇಲ್ಲ ಅಂತ ಬಂದು ಜ್ವರ ನಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ಮಾಡಿಸಿ. ವೈವ್ಯಾಕ್ಸ್ ಮಲೇರಿಯಾ ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಅಡಗಿರಬಲ್ಲದು. ಹಾಗಾಗಿ ಬೇಸಿಗೆಯಲ್ಲಿ ಜ್ವರ ಬಂದರೂ ಜನವರಿಯ ಪ್ರವಾಸದ ಮಾತನ್ನು ಹೇಳಿ.